ಮುರುಗಮಲ್ಲದ ಬಸ್ಸಿನ ಅಕ್ಕಿ ಗಂಟು

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೊರಟ ಬಸ್ಸು ದೇವನಹಳ್ಳಿಯವರೆಗೆ ಅರ್ಧ ಖಾಲಿಯಾಗಿಯೇ ಇತ್ತು. ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಕಿಟಕಿಗೆ ಗಾಜಿರಲಿಲ್ಲ. ಮಫ್ಲರನ್ನು ಕಿವಿಗೆ ಸುತ್ತಿಕೊಂಡು ಕುಳಿತಿದ್ದೆ. ಎಡಗಡೆ ನಂದಿಬೆಟ್ಟದ ತಲೆಯ ಮೇಲೆ ಮೋಡ ಕೂತಿತ್ತು. ಟಿಕೆಟಿಗೆ ಎರಡು ರೂಪಾಯಿಗೆ ಸ್ವಲ್ಪ ಕಡಿಮೆ ಕೊಟ್ಟ ನೆನಪು. ಎಷ್ಟು ಕಡಿಮೆ ಎಂದು ಹೇಳಲಾರೆ. ಈ ಬರಹದಲ್ಲಿ ಇಂಥ ಅನುಮಾನಗಳು ಇನ್ನೂ ಬರುತ್ತವೆ. ಹೋಗಿ ಬಂದು ಕೆಲವೇ ವರ್ಷಗಳಾಗಿದ್ದರೂ ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೆ ಈಗ ಬಿಡಿಸಲು ಬರುವುದಿಲ್ಲ.

ಹೋದದ್ದು ಬೆಟ್ಟ ನೋಡುವುದಕ್ಕಲ್ಲ. ಅದು ಅಕ್ಕಿಗೆ ಗಡಿ ಹಾಕಿದ್ದ ಕಾಲ. ಆಂಧ್ರದ ಅಕ್ಕಿ ಪರವಾನಗಿ ಇಲ್ಲದೆ ಮೈಸೂರು ಸೀಮೆಗೆ ಬರುವಂತಿರಲಿಲ್ಲ. ಬಂದರೆ ಅದು ಕಳ್ಳಸಾಗಣೆ. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿ ವರ್ಷವೂ ತುಂಬಿರಲಿಲ್ಲ. ನನ್ನ ಪ್ರೊಫೆಸರು ಕಾಳಸಂತೆಯ ಸಂಘಟನೆ ಎಂಬ ವಿಷಯ ಕೊಟ್ಟು, "ಹೊರೋರು ಯಾರು, ಕೂಡಿಡೋರು ಯಾರು, ಎಲ್ಲರ ಮೇಲೆ ಕೂತಿರೋನು ಯಾರು, ಅಷ್ಟು ತಿಳ್ಕೊಂಡು ಬಾರಯ್ಯ" ಎಂದು ಕಳಿಸಿದ್ದರು. ಮೇಲೆ ಒಬ್ಬನು ಕೂತಿರುತ್ತಾನೆ ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ನನಗಿತ್ತು. ಆದರೆ ಗ್ರಂಥಾಲಯದಲ್ಲಿ ಕೂತು ಕೂತು ಕಾಲು ಕಟ್ಟಿದಂತಾಗಿತ್ತು. ಊರೂರು ತಿರುಗುವುದೆಂದರೆ ಯಾವ ವಿಷಯವಾದರೂ ಒಪ್ಪುತ್ತಿದ್ದೆ.

ಪೆನ್ಸಿಲು ಹೊರತೆಗೆದರೆ ಜನ ಬಾಯಿ ಮುಚ್ಚುತ್ತಾರೆ ಎಂದು ಹಿಂದೆ ಹೋಗಿಬಂದವರು ಎಚ್ಚರಿಸಿದ್ದರು. ಆದ್ದರಿಂದ ನೋಡಿದ್ದನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳಬೇಕಾಗಿತ್ತು.

ಚಿಕ್ಕಬಳ್ಳಾಪುರದಲ್ಲಿ ಇಳಿದು ಹೋಟೆಲಿನಲ್ಲಿ ಊಟಕ್ಕೆ ಕುಳಿತರೆ ಒಂದೇ ಬಟ್ಟಲು ಅನ್ನ. ಇನ್ನೊಂದು ಕೇಳಿದೆ. "ಮುದ್ದೆ ಹಾಕ್ಲಾ ಸಾರ್? ಅನ್ನ ಅಂದ್ರೆ ನಮ್ಮಪ್ಪ ಬಂದ್ರೂ ಅಷ್ಟೇ" ಎಂದ ಬಡಿಸುವವನು. ಮಧ್ಯಾಹ್ನ ಅಕ್ಕಿ ತಪಾಸಣೆಯ ಹೊಣೆ ಹೊತ್ತಿದ್ದ ಒಬ್ಬ ಅಧಿಕಾರಿಯನ್ನು ಕಂಡೆ. ಸೌಜನ್ಯದ ಮನುಷ್ಯ. ಕಾಫಿ ತರಿಸಿ, ಬೆರಳನ್ನು ಕಾಫಿಯಲ್ಲಿ ಅದ್ದಿ ಮೇಜಿನ ಮೇಲೆ ಚುಕ್ಕೆ ಇಡುತ್ತ ಹೋದರು.

"ನೋಡಿ, ಇವರು ಹೊರೋ ಹೆಂಗಸರು. ಇವರ ಮೇಲೆ ಮನೇಲಿ ಕೂಡಿಡೋರು. ಆಮೇಲೆ ಲಾರಿ. ಎಲ್ಲಾದರ ಮೇಲೆ ಇಲ್ಲಿ ಒಬ್ಬ. ಧಣಿ ಅಂತಾರೆ. ಗೌರಿಬಿದನೂರಿನವನು."

"ನೀವು ನೋಡಿದೀರಾ ಸಾರ್?"

"ನೋಡಿದ್ರೆ ಬಿಡ್ತಿದ್ನೇನ್ರೀ?"

ಹೊರಡುವಾಗ ಮೇಜನ್ನು ನೋಡಿದೆ. ಧಣಿಯ ಚುಕ್ಕೆ ಆಗಲೇ ಒಣಗಿತ್ತು.

ಮರುದಿನ ಬೆಳಿಗ್ಗೆ ಗೌರಿಬಿದನೂರಿನ ಬಸ್ಸು ಹತ್ತಿದೆ. ಮಂಚೇನಹಳ್ಳಿಯ ಕಡೆ ದಾರಿ ಗುಡ್ಡಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಬಂಡೆಗಳ ನಡುವೆ ಹುಣಸೆಮರ, ಕೆರೆಯ ಹಿಂದೆ ಎರಡು ಗದ್ದೆ, ಮತ್ತೆ ಬಂಡೆ. ಕಬ್ಬಿನ ಗಾಡಿಗಳ ಸಾಲಿಗೆ ಸಿಕ್ಕಿ ಬಸ್ಸು ಬಹಳ ಹೊತ್ತು ತೆವಳಿತು. ಹಿಂದೂಪುರದ ಕಡೆಯಿಂದ ಬರುವ ರೈಲಿನಲ್ಲಿ ಅಕ್ಕಿ ಬರುತ್ತದೆಂದು ಕೇಳಿದ್ದೆನಾದ್ದರಿಂದ ಸ್ಟೇಷನ್ನಿನಲ್ಲಿ ಕಾದೆ. ರೈಲು ಬಂದಿತು, ಜನ ಇಳಿದರು. ನನಗೆ ಕಂಡದ್ದು ಹಾಸಿಗೆ ಸುರುಳಿ, ಕೋಳಿಪಂಜರ, ಅಳುವ ಕೂಸುಗಳು. ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಕೂಲಿಯವನನ್ನು ಧಣಿಯ ವಿಷಯ ಕೇಳಿದೆ.

"ಧಣಿ ಇಲ್ಯಾಕಿರ್ತಾನೆ ಸಾಮಿ? ಆವಯ್ಯ ಚಿಂತಾಮಣಿಯೋನು. ದೊಡ್ಡ ಮಂಡಿ ಐತಂತೆ."

"ಯಾವ ಮಂಡಿ?"

"ಅದನ್ನ ನೀವು ಚಿಂತಾಮಣೀಲಿ ಕೇಳ್ಬೇಕು" ಎಂದು ಎದ್ದು ಹೋದ.

ಸಂಜೆ ಹತ್ತಿರದ ಅಲೀಪುರಕ್ಕೆ ಹೋದೆ. ಅಲ್ಲಿ ನನ್ನ ಸಹಪಾಠಿಯೊಬ್ಬನ ತಂದೆ ಇದ್ದರು. ವಯಸ್ಸಾದ ಸೈಯದ್ ಸಾಹೇಬರು, ಹರಳುಗಳ ವ್ಯಾಪಾರ. ಮನೆಯೊಳಗೆ ಉರ್ದು, ನನ್ನ ಹತ್ತಿರ ಅದರ ಲಯದಲ್ಲೇ ಕನ್ನಡ. ನಾನು ಬಂದ ಕಾರಣ ಕೇಳಿ ಗಡ್ಡ ನೀವಿಕೊಂಡರು.

"ಯಾರು ತರ್ತಾರೆ ಅಂತ ಯಾಕೆ ಕೇಳ್ತೀರಾ ಬೇಟಾ? ಯಾಕೆ ತರ್ತಾರೆ ಅಂತ ಕೇಳಿ. ಇಲ್ಲಿ ದಿನಾ ತಿನ್ನೋದು ರಾಗಿ. ಅಕ್ಕಿ ಯಾವಾಗ ಬೇಕು? ಮದುವೆಗೆ. ಖಾಯಿಲೆಗೆ. ಬಾಣಂತಿಗೆ. ಮೊಹರಮ್ ದಿನ ಮಜ್ಲಿಸ್‌ಗೆ ಬಂದೋರ್ಗೆ ಮುದ್ದೆ ಉಂಡೆ ಮಾಡಿ ಕೊಡಕ್ಕಾಗ್ತದಾ? ಸತ್ತೋರ ಹೆಸರಲ್ಲಿ ಫಾತೆಹಾ ಓದಿ ರಾಗಿ ಇಡಕ್ಕಾಗ್ತದಾ?"

ಆಮೇಲೆ ತಾವೇ ನಕ್ಕರು. "ನೋಡ್ಬೇಕು ಅಂದ್ರೆ ಜುಮೇರಾತ್ ದಿನ ಮುರುಗಮಲ್ಲಕ್ಕೆ ಹೋಗಿ. ದರ್ಗಾಕ್ಕೆ ಗಡಿಯಾಚೆ ಜನ ಎಲ್ಲಾ ಬರ್ತಾರೆ. ವಾಪಸ್ ಬರೋ ಬಸ್‌ನಲ್ಲಿ ಕೂತ್ಕೊಳ್ಳಿ. ಮಾತಾಡ್ಬೇಡಿ, ಅಷ್ಟೇ."

ಗುರುವಾರಕ್ಕೆ ಇನ್ನೂ ಸಮಯವಿತ್ತು. ಚಿಕ್ಕಬಳ್ಳಾಪುರಕ್ಕೆ ವಾಪಸು ಬಂದು ಅಲ್ಲಿಂದ ಚಿಂತಾಮಣಿಗೆ ಚಿಕ್ಕ ರೈಲು ಹಿಡಿದೆ. ಸಣ್ಣ ಹಳಿಯ ಆ ಗಾಡಿ ಎಷ್ಟು ನಿಧಾನವೆಂದರೆ ಒಬ್ಬ ಇಳಿದು ಬೇಲಿಯ ಪಕ್ಕದ ಸೀಬೆಹಣ್ಣು ಕಿತ್ತು ಮತ್ತೆ ಹತ್ತಿದ. ಶಿಡ್ಲಘಟ್ಟ ಬರುವ ಮೊದಲೇ ಬೇಯಿಸಿದ ರೇಷ್ಮೆಗೂಡಿನ ವಾಸನೆ ಬಂತು. ಅಲ್ಲಿ ರೈಲು ನಿಂತಾಗ ಎದುರು ಕೂತ ಗೂಡಿನ ವ್ಯಾಪಾರಿಯನ್ನು ಧಣಿಯ ಬಗ್ಗೆ ವಿಚಾರಿಸಿದೆ. "ಇದ್ದಾನೆ, ಇದ್ದಾನೆ. ಚಿಕ್ಕಬಳ್ಳಾಪುರದೋನು" ಎಂದು ಖಂಡಿತವಾಗಿ ಹೇಳಿದ. ಹೊರಟಲ್ಲಿಗೇ ಬಂದು ನಿಂತಂತಾಯಿತು. ಚಿಂತಾಮಣಿಯ ಮಂಡಿಗಳಲ್ಲೂ ಅಡ್ಡಾಡಿದೆ. ಕಡಲೆಕಾಯಿ, ಹುಣಸೆಹಣ್ಣು, ಬೆಲ್ಲ ಎಲ್ಲ ಇದ್ದವು. ಧಣಿ ಶಿಡ್ಲಘಟ್ಟದವನು ಎಂದರು.

ಗುರುವಾರ ಮುರುಗಮಲ್ಲ. ಬಿಸಿಲು ಚೆನ್ನಾಗಿತ್ತು. ಗುಡ್ಡದ ಬುಡದ ದರ್ಗಾದ ಮುಂದೆ ಲೋಬಾನದ ಹೊಗೆ, ಸಕ್ಕರೆ ಪೊಟ್ಟಣ ಮಾರುವವರ ಕೂಗು, ತೆಲುಗು, ಉರ್ದು, ಕನ್ನಡ ಎಲ್ಲ ಒಟ್ಟಿಗೆ. ಹಣೆಗೆ ಕುಂಕುಮವಿಟ್ಟವರೂ ತಲೆಗೆ ಕರವಸ್ತ್ರ ಕಟ್ಟಿದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ನಾನು ಸಾಲಿನಲ್ಲಿ ನಿಲ್ಲಲಿಲ್ಲ. ನಂಬದೆ ಕೈಮುಗಿಯುವುದು ನಂಬಿದವರಿಗೆ ಅವಮಾನ ಎಂಬುದು ಆಗಿನ ನನ್ನ ವಾದ.

ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಹನುಮಕ್ಕನನ್ನು ಕಂಡೆ. ಹೆಸರು ಬದಲಾಯಿಸಿದ್ದೇನೆ. ನಲವತ್ತು ದಾಟಿದ ಹೆಂಗಸು. ಬರಿಗಾಲು, ಮೊಣಕಾಲಿನವರೆಗೂ ಧೂಳು, ಪಕ್ಕದಲ್ಲಿ ಒಂದು ಗಂಟು.

"ಏನಪ್ಪಾ ದೊರೆ, ಒಂದ್ ಕೈ ಕೊಡು. ಬಸ್ಸಿಗೆ ಎತ್ತಾಕಣ" ಎಂದಳು.

ಗಂಟು ಎತ್ತಿದೆ. ಭಾರವಿತ್ತು. ಒಳಗೆ ಕಾಳು ಸರಿಯುವುದು ಅಂಗೈಗೆ ತಿಳಿಯಿತು. ಬಾಯಿಗೆ ಕೆಂಪು ಸೀರೆಯ ಅಂಚಿನ ಪಟ್ಟಿ ಕಟ್ಟಿತ್ತು, ಅಥವಾ ಹಾಗೆಂದು ಈಗ ತೋರುತ್ತದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಬಸ್ಸು ಹೊರಡುವ ಮೊದಲೇ ತನ್ನ ಕಥೆಯೆಲ್ಲ ಹೇಳಿದಳು. ಶಿಡ್ಲಘಟ್ಟದಲ್ಲಿ ಮಗಳು ಹೆತ್ತಿದ್ದಾಳೆ, ಚೊಚ್ಚಲು. ಅಳಿಯ ನೂಲು ತೆಗೆಯುವ ಕೆಲಸಕ್ಕೆ ಬೆಳಿಗ್ಗೆ ಹೋದರೆ ಸಂಜೆ ಬರುತ್ತಾನೆ. ಗಡಿಯಾಚೆ ಅಕ್ಕನ ಊರಿಗೆ ನಡೆದು ಹೋಗಿ ಅಕ್ಕಿ ಹೊತ್ತು ತಂದಿದ್ದಾಳೆ.

"ಬಾಣಂತಿಗೆ ಮೆಣಸಿನ ಸಾರು ಅನ್ನ ಬಿಟ್ರೆ ಇನ್ನೇನಪ್ಪಾ ಹಾಕ್ತಾರೆ? ಮುದ್ದೆ ಇಕ್ಕಿದ್ರೆ ಕೂಸಿಗೆ ಹೊಟ್ಟೆ ನೋವು ಅಂತಾರೆ."

"ತಪಾಸಣೆ ಗೇಟಿನಲ್ಲಿ ಹಿಡಿಯಲ್ವಾ?"

"ಹಿಡೀತಾರೆ. ಮುಂಚೆ ಒಂದ್ ಸಲ ನನ್ನ ಹಿಡ್ದವ್ರೆ. ಇನ್ನೊಂದ್ ಸಲ ಸಿಕ್ಕಿದ್ರೆ ಕೋರ್ಟು, ಜೈಲು ಅಂತ ಗೇಟಿನ ಆವಯ್ಯ ಹೇಳವ್ನೆ. ನಾನು ಒಳಕ್ಕೋದ್ರೆ ಕೂಸಿಗೆ ನೀರು ಹಾಕೋರು ಯಾರು?"

ನಾನು ಸಂಶೋಧಕ. ಕೇಳಬೇಕಾದದ್ದನ್ನು ಕೇಳಿದೆ. "ನಿಮಗೆಲ್ಲ ಒಬ್ಬ ಧಣಿ ಇದ್ದಾನಂತಲ್ಲ ಅಮ್ಮ?"

ಅವಳ ಪಕ್ಕದಲ್ಲಿ ಕೂತಿದ್ದ ಬಳೆ ಮಾರುವ ಪ್ಯಾರಿಬಿ ಗೊಳ್ಳೆಂದು ನಕ್ಕಳು. "ಧಣಿ ಇದ್ದಿದ್ರೆ ಜೀಪ್‌ನಲ್ಲಿ ಕಳಿಸ್ತಿರ್ಲಿಲ್ವಾ ಸಾಬ್? ಇವಳ ಕಾಲು ನೋಡು!"

ಬಸ್ಸು ಹೊರಟು ಕೆಲವು ಮೈಲಿ ಹೋಗಿರಬೇಕು. ಕಂಡಕ್ಟರು ಎದ್ದು ನಿಂತು, "ಟಿಕೆಟ್ ಜ್ವಾಪಾನ ಮಾಡ್ಕೊಳ್ರಮ್ಮಾ" ಎಂದು ಕೂಗಿದ. ಒಡನೆ ಹೆಂಗಸರೆಲ್ಲ ಎದ್ದು ಜಾಗ ಬದಲಾಯಿಸತೊಡಗಿದರು. ಬಿಸಿಲು ಈ ಕಡೆಗೆ ತಿರುಗಿತಲ್ಲ, ನೆರಳಿಗೆ ಹೋಗುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗಮನಿಸಿದರೆ ಮನುಷ್ಯರು ಸರಿಯುತ್ತಿದ್ದರು, ಗಂಟುಗಳು ಇದ್ದಲ್ಲೇ ಇದ್ದವು. ಕೆಲವು ಗಂಟುಗಳು ಕೈಯಿಂದ ಕೈಗೂ ಹೋದವು. ಹೋಗುವಾಗ ಒಬ್ಬೊಬ್ಬಳೂ ಮೆಲ್ಲಗೆ, ಆದರೆ ಸ್ಪಷ್ಟವಾಗಿ, "ನಿಂಗೆ ಕೊಟ್ಟೆ" ಎನ್ನುತ್ತಿದ್ದಳು. ಹನುಮಕ್ಕ ಒಂದು ಗಂಟನ್ನು ನನ್ನ ಕಾಲಬಳಿ ಇಟ್ಟಳು.

"ನಿಂಗೆ ಕೊಟ್ಟೆ ಕಣಪ್ಪಾ. ಈಗ ಇದು ನಿಂದು."

"ನನಗ್ಯಾಕಮ್ಮ?"

"ಗೇಟಲ್ಲಿ ಆವಯ್ಯ ದರ್ಗಾದ ಬಾಬಾ ಮೇಲೆ ಆಣೆ ಹಾಕಿಸ್ತಾನೆ. ಗಂಟು ಯಾರ್ದು ಅಂತಾನೆ, ಗಡಿಯಾಚೆಯಿಂದ ನೀನು ತಂದಿದ್ದಾ ಅಂತಾನೆ. ಸುಳ್ಳು ಆಣೆ ಮಾಡಿ ಆ ಅನ್ನ ಬಾಣಂತಿಗೆ ಇಕ್ಕಕ್ಕಾಗುತ್ತಾ? ಅದಕ್ಕೇ ಹಿಂಗೆ. ನಂದು ನಿಂಗೆ, ಪ್ಯಾರಿಬೀದು ನಂಗೆ. ಗಂಟು ನಂದೇ, ನಾನು ಆಚೆಯಿಂದ ತಂದಿದ್ದಲ್ಲ. ಎಲ್ಡೂ ನಿಜ."

ಇದು ಬರೀ ಮಾತಿನ ಆಟ, ಗಂಟು ಅವಳದೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟೆ. ಎಂ.ಎ. ಓದಿದವನಿಗೆ ಬೇರೆ ಹೇಗೆ ತೋರಬೇಕು?

ರಸ್ತೆಗೆ ಅಡ್ಡ ಬಿದಿರು ಕಟ್ಟಿತ್ತು. ಬಸ್ಸು ನಿಂತಿತು. ಖಾಕಿ ಕೋಟಿನ ಅಧಿಕಾರಿಯೊಬ್ಬ ಹತ್ತಿ, ಬಾಗಿಲ ಬಳಿಯವಳ ಕೈಯಲ್ಲಿದ್ದ ದರ್ಗಾದ ಸಕ್ಕರೆ ಪೊಟ್ಟಣವನ್ನು ತೆಗೆದುಕೊಂಡು ಒಬ್ಬೊಬ್ಬರ ಮುಂದೆ ಹಿಡಿಯುತ್ತ ಬಂದ. ಎಲ್ಲ ಗಂಟು ಬಿಚ್ಚಿ ತೂಗುವಷ್ಟು ಪುರುಸೊತ್ತು ಅವನಿಗೆ ಇರಲಿಲ್ಲವೆಂದು ಕಾಣುತ್ತದೆ. ಅಥವಾ ಅವನೂ ಆಣೆಯನ್ನು ನಂಬುತ್ತಿದ್ದನೋ ಏನೋ.

"ಇದು ಯಾರ್ದು?"

"ನಂದೇ ಸಾಬ್."

"ಗಡಿಯಾಚೆಯಿಂದ ತಂದ್ಯಾ?"

"ಬಾಬಾ ಆಣೆ, ಇದನ್ನ ನಾನು ತಂದಿಲ್ಲ." ಪ್ಯಾರಿಬಿ ಪೊಟ್ಟಣ ಮುಟ್ಟಿ, "ಮುಟ್ಟಿ ಮುಟ್ಟಿ ಸಕ್ಕರೆ ಎಲ್ಲಾ ಕರಗೋಯ್ತು, ಹೊಸಾದು ಕೊಂಡ್ಕೊಳ್ಳಿ ಸಾಬ್" ಎಂದಳು. ಬಸ್ಸು ನಕ್ಕಿತು. ಅವನು ನಗಲಿಲ್ಲ.

ಹನುಮಕ್ಕನ ಸರದಿ ಬಂತು. ಅವನು ಅವಳ ಗುರುತು ಹಿಡಿದ. "ನೀನಾ?" ಅವಳು ಪೊಟ್ಟಣ ಮುಟ್ಟಿ, ಕಣ್ಣು ಮಿಟುಕಿಸದೆ, ಹೇಳಬೇಕಾದ್ದನ್ನು ಹೇಳಿದಳು. ಅವನು ಅವಳನ್ನೇ ನೋಡುತ್ತ ನನ್ನ ಹತ್ತಿರ ಬಂದ. ಪೊಟ್ಟಣ ಕೆಳಗಿಳಿಸಿ ನಯವಾಗಿ ಕೇಳಿದ.

"ಸಾರ್, ಇದು ನಿಮ್ಮದಾ?"

"ನನ್ನದಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಅಲ್ಲದ್ದನ್ನು ಅಲ್ಲ ಎನ್ನುವುದು ನನಗೆ ಉಸಿರಾಡಿದಷ್ಟು ಸಹಜವಾಗಿತ್ತು. ಆ ಬಸ್ಸಿನಲ್ಲಿ ಒಡೆಯನಿಲ್ಲದ ಗಂಟು ಅದೊಂದೇ ಆಯಿತು.

"ನಿಮ್ಮದಲ್ಲ. ಸರಿ. ಹಾಗಾದ್ರೆ ಇಲ್ಲಿ ತಂದಿಟ್ಟೋರು ಯಾರು? ಇವಳೇ ತಾನೆ?" ಎಂದು ಹನುಮಕ್ಕನ ಕಡೆ ಕೈ ತೋರಿಸಿದ. "ಇವರ ಆಣೆ ಬೇಡ ನನಗೆ. ನೀವು ಓದಿದೋರು, ನೀವೊಂದು ಮಾತು ಹೇಳಿ ಸಾಕು. ಹೂಂ ಅಂದ್ರೆ ಇಳಿಸ್ಕೋತೀನಿ."

ಹನುಮಕ್ಕ ನನ್ನ ಕಡೆ ತಿರುಗಲಿಲ್ಲ. ಅವಳ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಹೌದು ಎಂದರೆ ಅವಳು ಇಲ್ಲೇ ಇಳಿಯುತ್ತಾಳೆ. ಶಿಡ್ಲಘಟ್ಟದಲ್ಲಿ ಬಾಣಂತಿ ಬಾಗಿಲು ನೋಡುತ್ತಾಳೆ. ನಾನು ಗಂಟಿನ ಬಾಯಿಯ ಪಟ್ಟಿಯನ್ನು ನೋಡಿದೆ. ಬೇವಿನ ಮರದ ಕೆಳಗೆ ಎತ್ತಿಕೊಟ್ಟದ್ದು ಇದೇ ಗಂಟೇ? ಅದಕ್ಕೆ ಕೆಂಪು ಪಟ್ಟಿ ಇತ್ತೇ, ಅಥವಾ ಇದರ ಪಟ್ಟಿಯನ್ನು ಈಗ ನೋಡಿ ನೆನಪಿನಲ್ಲಿ ಅದಕ್ಕೆ ಕಟ್ಟುತ್ತಿದ್ದೇನೆಯೇ? ನಡುವೆ ಎಷ್ಟು ಗಂಟುಗಳು ಎಷ್ಟು ಕೈ ಬದಲಾದವು? ತಲೆಯಲ್ಲೇ ಎಲ್ಲ ಇಟ್ಟುಕೊಳ್ಳಲು ಆ ದಿನಗಳೆಲ್ಲ ಕಷ್ಟಪಟ್ಟಿದ್ದೆ. ಒಂದು ಗಂಟೆ ಹಿಂದಿನದು ಕೈಗೆ ಸಿಗಲಿಲ್ಲ.

"ನೆನಪಿಲ್ಲ" ಎಂದೆ.

"ಇಷ್ಟು ಹೊತ್ತೂ ಇಲ್ಲೇ ಕೂತಿದೀರಲ್ಲ ಸಾರ್!"

"ನನಗೆ ನೆನಪಿಲ್ಲ."

ಆ ಮಾತು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಅದು ಸುಳ್ಳಾಗಿದ್ದರೆ ಬಹಳ ಒಳ್ಳೆಯ ಸುಳ್ಳು ಎಂದು ಕೆಲವು ಸಲ ಅನ್ನಿಸುತ್ತದೆ. ನಿಜವಾಗಿದ್ದರೆ ಒಬ್ಬ ಸಂಶೋಧಕನ ಮರೆವು ಅಷ್ಟೆ. ಅಧಿಕಾರಿ ನನ್ನ ಮುಖವನ್ನು ನೋಡಿ, ಗಂಟನ್ನು ಎಳೆದುಕೊಂಡು ಇಳಿದ. ಬಿದಿರು ಮೇಲೆದ್ದಿತು. ಕಿಟಕಿಯಿಂದ ಹಿಂದಿರುಗಿ ನೋಡಿದೆ. ಗಂಟು ರಸ್ತೆಯ ಬದಿಯಲ್ಲಿ ಒಂದೇ ಕೂತಿತ್ತು.

ಬಸ್ಸಿನಲ್ಲಿ ಯಾರೂ ನನ್ನನ್ನು ಬಯ್ಯಲಿಲ್ಲ. ಗೇಟು ಕಣ್ಣಿಗೆ ಮರೆಯಾದ ಮೇಲೆ ಕಂಡಕ್ಟರು ಒಂದು ಖಾಲಿ ಚೀಲ ಹಿಡಿದು ಸೀಟಿನಿಂದ ಸೀಟಿಗೆ ನಡೆದ. ಒಬ್ಬೊಬ್ಬಳೂ ತನ್ನ ಕಾಲಬಳಿಯ ಗಂಟಿನ ಬಾಯಿ ಬಿಚ್ಚಿ ಎರಡೂ ಕೈ ತುಂಬ ಅಕ್ಕಿ ತೆಗೆದು ಚೀಲಕ್ಕೆ ಹಾಕಿದಳು. ಯಾರೂ ಯಾರನ್ನೂ ಕೇಳಲಿಲ್ಲ, ಯಾರೂ ಇಲ್ಲ ಎನ್ನಲಿಲ್ಲ. ಕೆಂಪಕ್ಕಿ, ಬಿಳಿಯಕ್ಕಿ, ಕುಸುಬಲಕ್ಕಿ ಎಲ್ಲ ಒಂದರೊಳಗೊಂದು ಬಿದ್ದವು. ಒಬ್ಬರ ಗಂಟು ಹೋದರೆ ಹೀಗೆ ಎಲ್ಲರೂ ಹಾಕುವುದು ವಾಡಿಕೆಯಂತೆ. ಪ್ರೊಫೆಸರು ಹುಡುಕಲು ಕಳಿಸಿದ ಸಂಘಟನೆ ನನ್ನ ಕಣ್ಣೆದುರಿಗೆ ಸೀಟಿನಿಂದ ಸೀಟಿಗೆ ನಡೆದು ಬರುತ್ತಿತ್ತು. ಚೀಲ ಹನುಮಕ್ಕನ ಹತ್ತಿರ ನಿಲ್ಲುತ್ತದೆ ಎಂದುಕೊಂಡೆ. ಕಂಡಕ್ಟರು ಅದನ್ನು ತಂದು ನನ್ನ ತೊಡೆಯ ಮೇಲಿಟ್ಟ.

"ನಂಗ್ಯಾಕಪ್ಪಾ? ಅವರಿಗೆ ಕೊಡು."

"ಗಂಟು ಹೋಗಿದ್ದು ನಿಮ್ದಲ್ವಾ ಸಾರ್" ಎಂದು ಅವನು ಮುಂದೆ ಹೋದ.

ಚೀಲವನ್ನು ಹನುಮಕ್ಕನ ಕಡೆ ಚಾಚಿದೆ. "ತಗೊಳ್ಳಿ ಅಮ್ಮ. ನಿಮ್ಮ ಅಕ್ಕಿ ಹೋಯ್ತು, ನನ್ನಿಂದಾನೇ ಹೋಯ್ತು. ಮಗಳಿಗೆ ಬೇಕಲ್ಲ."

ಅವಳು ಮುಟ್ಟಲಿಲ್ಲ. "ನಂದು ಹೋಯ್ತು ಅಂತ ನಾನು ಇದನ್ನ ತಗೊಂಡ್ರೆ, ನಾನು ನಿಂಗೆ ಕೊಟ್ಟಿದ್ದು ಸುಳ್ಳಾಯ್ತಲ್ಲಪ್ಪಾ. ಅದು ಸುಳ್ಳಾದ್ರೆ ಆಣೆ ಸುಳ್ಳಾಯ್ತು. ಆ ಅನ್ನ ನನ್ನ ಮಗಳ ಬಾಯಿಗೆ ಹೆಂಗಿಕ್ಕಲಿ? ಇದು ನಿಂದು. ನಿಂದು ನೀನು ಕೊಟ್ರೆ ಇಸ್ಕೋತೀನಿ."

"ಸರಿ, ಕೊಟ್ಟೆ."

"ಹಂಗಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವಾಗ್ಲೂ ಬರೀ ಬಾಯಿಮಾತು ಅಂದ್ಕೊಂಡೆ ನೀನು, ಅದಕ್ಕೇ ನಂದಲ್ಲ ಅಂತ ಬಾಯಿಗೆ ಬಂತು. ಶಿಡ್ಲಘಟ್ಟ ಬರೋಗಂಟ ಮಡಿಲಲ್ಲಿ ಇಟ್ಕೋ. ನಿಂದು ಅಂತ ಮನಸ್ಸಿಗೆ ಬಂದ್ಮೇಲೆ ಕೊಡು."

"ಬರ್ಲಿಲ್ಲ ಅಂದ್ರೆ?" ಎಂದು ಪ್ಯಾರಿಬಿ ಹಿಂದಿನಿಂದ ಕೇಳಿದಳು.

"ಬರ್ಲಿಲ್ಲ ಅಂದ್ರೆ ಬೆಂಗಳೂರಿಗೆ ತಗೊಂಡೋಗಿ ಉಣ್ಲಿ. ಬಾಣಂತಿ ಮುದ್ದೆ ಉಂಡಾಳು."

ಅವಳು ಹಾಗೆಯೇ ಮಾಡುವವಳೆಂದು ನನಗೆ ತಿಳಿಯಿತು. ಚಿಂತಾಮಣಿ ಬಂದು ಹೋಯಿತು. ಅರ್ಧ ಹೆಂಗಸರು ಇಳಿದರು. ಇಳಿಯುವ ಮೊದಲು ಗಂಟುಗಳು ಮತ್ತೆ ಕೈ ಬದಲಾದವು, ಮತ್ತೆ "ನಿಂಗೆ ಕೊಟ್ಟೆ", "ನಿಂಗೆ ಕೊಟ್ಟೆ". ಪ್ಯಾರಿಬಿಗೆ ಅವಳ ಗಂಟನ್ನು ಹನುಮಕ್ಕ ಕೊಟ್ಟಳು. ಚೀಲ ನನ್ನ ತೊಡೆಯ ಮೇಲೇ ಇತ್ತು. ಬಿಸಿಲಿಗೆ ಬೆಚ್ಚಗಾಗಿತ್ತು. ಕಾಲು ಜೋಮು ಹಿಡಿಯಿತು. ಚೀಲ ಜಾರಿದಾಗ ಹಿಡಿದುಕೊಂಡೆ, ಬಾಯಿ ಸಡಿಲಿದಾಗ ನನ್ನ ಮಫ್ಲರು ತೆಗೆದು ಬಿಗಿಯಾಗಿ ಕಟ್ಟಿದೆ. ಮುಂದೆ ದಾರಿಯಲ್ಲಿ ಒಂದು ಜೀಪು ಎದುರು ಬಂತು. ನಾನು ಎರಡೂ ಕೈಯಿಂದ ಚೀಲವನ್ನು ಹೊಟ್ಟೆಗೆ ಎಳೆದುಕೊಂಡೆ. ಜೀಪು ಹಾದು ಹೋಯಿತು. ಯಾರದೋ ಮದುವೆಯ ಜನ. ಹನುಮಕ್ಕ ತಿರುಗಿ ನೋಡಿದಳು, ನನ್ನ ಕೈ ಇನ್ನೂ ಚೀಲದ ಮೇಲೇ ಇತ್ತು.

ಶಿಡ್ಲಘಟ್ಟದ ಗೂಡಿನ ವಾಸನೆ ಬಂದಾಗ ಎದ್ದು ನಿಂತು, ಅವಳು ಹೇಳಿಕೊಡದೆಯೇ, "ನಿಮಗೆ ಕೊಟ್ಟೆ ಅಮ್ಮ" ಎಂದೆ.

ಅವಳು ಚೀಲ ತೆಗೆದುಕೊಂಡು ಭಾರ ನೋಡಿದಳು. "ಹೂಂ, ಇಸ್ಕೊಂಡೆ" ಎಂದಳು. ಇಳಿದು ತಲೆಯ ಮೇಲಿಟ್ಟುಕೊಂಡು ನೂಲು ಬಿಚ್ಚುವ ಮನೆಗಳ ಬೀದಿಯಲ್ಲಿ ನಡೆದಳು. ನನ್ನ ಬೂದುಬಣ್ಣದ ಮಫ್ಲರು ಚೀಲದ ಬಾಯಿಯಲ್ಲಿ ಆಡುತ್ತಿತ್ತು. ಅವಳು ಹಿಂದಿರುಗಿ ನೋಡಲಿಲ್ಲ. ಬೀದಿ ತಿರುಗುವವರೆಗೂ ನೋಡುತ್ತ ನಿಂತಿದ್ದೆ.

ಬೆಂಗಳೂರು ಸೇರಿದ ಮರುದಿನ ಪ್ರೊಫೆಸರನ್ನು ಕಂಡೆ. ನಾಲ್ಕೂ ಊರುಗಳಲ್ಲಿ ಧಣಿ ಪಕ್ಕದ ಊರಿನವನೇ ಆಗಿದ್ದ ಎಂದು ಹೇಳಿದೆ. ಅವರಿಗೆ ನಗು ಬರಲಿಲ್ಲ. ಬಸ್ಸಿನ ಕಥೆಯನ್ನು ಹೆಸರು ಬಿಟ್ಟು, ಗೇಟಿನವರೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಧಣಿ ಇರ್ಲಿ ಬಿಡಯ್ಯ. ಒಂದಾದ್ರೂ ಖಚಿತವಾಗಿ ಹೇಳು. ನಿನ್ನ ಕಾಲಬಳಿ ಸಿಕ್ಕ ಗಂಟು ಇತ್ತಲ್ಲ, ಅದು ಯಾರದು?"

"ನನ್ನದು ಸಾರ್" ಎಂದೆ.